ಹಸ್ತಮೈಥುನ: ಪಾಪದ ಭಯ ಮತ್ತು ರೋಗದ ಭಯ

(ಜುಮುಅ ಖುತ್ಬಾದ ಸಾರಾಂಶ)



ಮಿಂಬರ್‌ನ ಮೇಲೆ ನಿಂತು ಮಾತನಾಡಲು ಸಂಕೋಚವಾಗುವ ವಿಷಯವೊಂದನ್ನು ಈ ವಾರ ಎತ್ತಿಕೊಂಡಿದ್ದೇವೆ. ಆದರೆ ದೀನ್‌ನ ವಿಷಯ ತಿಳಿದುಕೊಳ್ಳಲು ನಾಚಿಕೆ ಅಡ್ಡ ಬರಬಾರದು. ಉಮ್ಮು ಸುಲೈಮ್(ರ) ಪ್ರವಾದಿ(ಸ)ರ ಬಳಿಗೆ ಬಂದು, ಸತ್ಯದ ವಿಷಯದಲ್ಲಿ ಅಲ್ಲಾಹನು ನಾಚುವುದಿಲ್ಲವೆಂದು ಪೀಠಿಕೆ ಹಾಕಿ, ಹೆಣ್ಣಿಗೂ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ಕೇಳಿದರು. ಪ್ರವಾದಿ(ಸ)ರು ಗದರಿಸಲಿಲ್ಲ, ಉತ್ತರ ಕೊಟ್ಟರು. ಬುಖಾರಿಯಲ್ಲಿರುವ ಈ ಹದೀಸೇ ನಮಗೆ ಧೈರ್ಯ.

ನಮ್ಮ ಬಳಿ ಏಕಾಂತದಲ್ಲಿ ಮಾತನಾಡಲು ಬರುವ ಯುವಕರು ಹಸ್ತಮೈಥುನದ ಬಗ್ಗೆ ಎರಡು ಭಯಗಳನ್ನು ಹೊತ್ತು ತರುತ್ತಾರೆ. ಒಂದು, ಅಲ್ಲಾಹನ ಮುಂದೆ ಏನು ಉತ್ತರಿಸಲಿ ಎಂಬ ಭಯ. ಇನ್ನೊಂದು, ನನ್ನ ದೇಹ ಹಾಳಾಗಿ ಹೋಯಿತು, ಕಣ್ಣು ಮಂಜಾಗುತ್ತಿದೆ, ನರ ಸತ್ತುಹೋಗಿದೆ, ನಾನು ಮದುವೆಗೆ ಯೋಗ್ಯನಲ್ಲ ಎಂಬ ಭಯ. ಈ ಎರಡನೆಯ ಭಯದಿಂದ ನಿಕಾಹ್ ಮುಂದೂಡುವವರಿದ್ದಾರೆ, ದುಡಿದ ಹಣವನ್ನು ಲೇಹ್ಯ, ಗುಳಿಗೆಗಳಿಗೆ ಸುರಿಯುವವರಿದ್ದಾರೆ, ಬದುಕೇ ಬೇಡ ಎನ್ನುವಷ್ಟು ಕುಗ್ಗಿಹೋಗುವವರೂ ಇದ್ದಾರೆ. ಈ ಎರಡು ಭಯಗಳು ಒಂದೇ ಕಡೆಯಿಂದ ಬಂದವಲ್ಲ. ಮೊದಲನೆಯದರ ಮಾತು ನಮ್ಮ ಫಿಕ್‌ಹ್ ಗ್ರಂಥಗಳಲ್ಲಿದೆ. ಎರಡನೆಯದರ ಚರಿತ್ರೆ ಬೇರೆಯೇ ಇದೆ. ಅದನ್ನು ಬಿಡಿಸಿ ನೋಡೋಣ.

ನಮ್ಮ ಇಮಾಮರು ಹೇಳಿದ್ದೇನು?

ಸೂರಃ ಅಲ್ ಮುಅ್‌ಮಿನೂನ್‌ನ ಆರಂಭದಲ್ಲಿ, 5ರಿಂದ 7ನೇ ಆಯತ್‌ಗಳಲ್ಲಿ, ತಮ್ಮ ಗುಪ್ತಾಂಗಗಳನ್ನು ಕಾಪಾಡುವವರನ್ನು ಅಲ್ಲಾಹನು ಹೊಗಳಿದ್ದಾನೆ. ಅನುಮತಿಸಿದ ಸಂಬಂಧವನ್ನು ಮೀರಿ ಬೇರೆ ದಾರಿ ಹುಡುಕುವವರನ್ನು ಮೇರೆ ಮೀರಿದವರೆಂದು ಹೇಳಿದ್ದಾನೆ. ಇಮಾಮ್ ಶಾಫಿಈ(ರಹ್) ಈ ಆಯತ್‌ಗಳನ್ನೇ ಆಧಾರವಾಗಿಟ್ಟು ಹಸ್ತಮೈಥುನ ಅನುಮತಿಸಿದ್ದಲ್ಲ ಎಂದರು. ನಮ್ಮ ಕರಾವಳಿಯ ಹೆಚ್ಚಿನ ಮಹಲ್ಲುಗಳು ಅನುಸರಿಸುವುದು ಈ ಮದ್‌ಹಬನ್ನೇ. ಮಾಲಿಕಿಗಳ ತೀರ್ಪೂ ಇದೇ. ಘಟ್ಟದ ಮೇಲಿನ ನಮ್ಮ ಹನಫಿ ಸಹೋದರರ ಗ್ರಂಥಗಳಲ್ಲೂ ಸುಖಕ್ಕಾಗಿ ಮಾಡುವುದು ನಿಷಿದ್ಧ. ಆದರೆ ಕಾಮ ಮಿತಿಮೀರಿ ವ್ಯಭಿಚಾರಕ್ಕೆ ಬೀಳುವ ಭಯವಿದ್ದು ಮಾಡಿದರೆ ಶಿಕ್ಷೆಯಾಗಲಾರದೆಂದು ಆಶಿಸಬಹುದು ಎಂಬ ಮಾತೂ ಇದೆ. 1836ರಲ್ಲಿ ತೀರಿಕೊಂಡ ಡಮಾಸ್ಕಸ್‌ನ ಇಬ್ನ್ ಆಬಿದೀನ್(ರಹ್) ಇದನ್ನು ವಿವರಿಸಿದ್ದಾರೆ. ಹಂಬಲಿ ವಿದ್ವಾಂಸರೂ ಅಂಥ ಅನಿವಾರ್ಯದಲ್ಲಿ ವಿನಾಯಿತಿ ಕಂಡಿದ್ದಾರೆ. 1064ರಲ್ಲಿ ತೀರಿಕೊಂಡ ಸ್ಪೇನಿನ ಇಬ್ನ್ ಹಝ್ಮ್(ರಹ್) ಇದು ಹರಾಮ್ ಅಲ್ಲ, ಆದರೆ ಒಳ್ಳೆಯ ನಡತೆಯೂ ಅಲ್ಲ ಎಂದರು. ವಿವಾಹ ಇದಕ್ಕಿಂತ ಒಳ್ಳೆಯದು, ಇದು ವ್ಯಭಿಚಾರಕ್ಕಿಂತ ಹಗುರ ಎಂಬ ಅರ್ಥದ ಮಾತು ಇಬ್ನ್ ಅಬ್ಬಾಸ್(ರ)ರಿಂದ ವರದಿಯಾಗಿದೆ.

ಬಹುಸಂಖ್ಯಾತ ವಿದ್ವಾಂಸರ ತೀರ್ಪು ನಿಷೇಧವೇ; ಅದನ್ನು ಸಡಿಲಿಸುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಸಂಗತಿ ಗಮನಿಸಿ. ಇಡೀ ಚರ್ಚೆ ನಡೆದಿರುವುದು ಹಲಾಲ್, ಹರಾಮ್, ಅನಿವಾರ್ಯ ಎಂಬ ಪದಗಳಲ್ಲಿ. ಕುರುಡುತನ, ಹುಚ್ಚು, ನರದೌರ್ಬಲ್ಯ ಈ ತೀರ್ಪಿನ ಬುನಾದಿಯಲ್ಲ. ಹಳೆಯ ಯೂನಾನಿ ವೈದ್ಯರು ಅತಿಯಾದ ವೀರ್ಯವ್ಯಯ ದೇಹವನ್ನು ಕುಗ್ಗಿಸುತ್ತದೆ ಎಂದದ್ದು ನಿಜ. ಆದರೆ ಅದು ಗಂಡಹೆಂಡಿರ ಅತಿಸಂಗಕ್ಕೂ ಹೇಳಿದ ಮಿತಿಯ ಮಾತು. ವೀರ್ಯ ಹೊರಹೋಗುವುದೇ ವಿಷವಾಗಿದ್ದರೆ ಪತ್ನಿಯ ಕೈಯಿಂದ ಸ್ಖಲನವಾಗುವುದನ್ನು ಫುಕಹಾಗಳು ಅನುಮತಿಸುತ್ತಿರಲಿಲ್ಲ. ಸಹಾಬಿಗಳು ಅಝ್ಲ್, ಅಂದರೆ ಹೊರಗೆ ಸ್ಖಲಿಸುವ ಕ್ರಮವನ್ನು ಪಾಲಿಸುತ್ತಲೂ ಇರಲಿಲ್ಲ.

ಮದ್ರಸದಲ್ಲಿ ಶುದ್ಧಿಯ ಪಾಠ ಓದಿದವರಿಗೆ ಮನಿಯ್ಯ್, ಮದಿಯ್ಯ್, ವದಿಯ್ಯ್ ಎಂಬ ಮೂರು ಪದ ನೆನಪಿರಬಹುದು. ಮನಿಯ್ಯ್ ಎಂದರೆ ವೀರ್ಯ. ಮದಿಯ್ಯ್ ಎಂದರೆ ಉದ್ರೇಕದಲ್ಲಿ ಒಸರುವ ತೆಳು ದ್ರವ. ವದಿಯ್ಯ್ ಎಂದರೆ ಮೂತ್ರದ ನಂತರ ಕೆಲವೊಮ್ಮೆ ಕಾಣುವ ಬಿಳಿಯ, ಮಂದ ದ್ರವ. ಮೊದಲನೆಯದಕ್ಕೆ ಸ್ನಾನ, ಉಳಿದೆರಡಕ್ಕೆ ತೊಳೆದುಕೊಂಡು ವುಝೂ ಮಾಡಿದರೆ ಸಾಕು. ಅಲೀ(ರ)ಯವರಿಗೆ ಮದಿಯ್ಯ್ ಹೆಚ್ಚಾಗಿ ಹೋಗುತ್ತಿತ್ತು. ಪ್ರವಾದಿ(ಸ)ರ ಅಳಿಯನಾದ ಕಾರಣ ನೇರವಾಗಿ ಕೇಳಲು ನಾಚಿ, ಮಿಕ್ದಾದ್(ರ)ರ ಮೂಲಕ ಕೇಳಿಸಿದರು. ತೊಳೆದು ವುಝೂ ಮಾಡಬೇಕೆಂಬ ಉತ್ತರ ಬಂತು. ಅದು ರೋಗವೆಂದಾಗಲೀ ಶಕ್ತಿ ಸೋರಿಹೋಗುತ್ತಿದೆ ಎಂದಾಗಲೀ ಯಾರೂ ಹೇಳಲಿಲ್ಲ. ಅದೇ ಅಲೀ(ರ) ಖೈಬರ್‌ನ ವೀರರು. ಇಂದು ಮೂತ್ರದಲ್ಲಿ ಎರಡು ಹನಿ ಬಿಳಿಯದ್ದು ಕಂಡು ‘ಧಾತು ಹೋಗುತ್ತಿದೆ’ ಎಂದು ನಿದ್ದೆಗೆಡುವ ಯುವಕ ಈ ಪಾಠವನ್ನು ಮರೆತಿದ್ದಾನೆ.

ಲಂಡನ್‌ನಲ್ಲಿ ಹುಟ್ಟಿದ ಭಯ

ಹಾಗಾದರೆ ರೋಗದ ಭಯ ಎಲ್ಲಿಂದ ಬಂತು? 18ನೇ ಶತಮಾನದ ಎರಡನೇ ದಶಕದಲ್ಲಿ ಲಂಡನ್‌ನಲ್ಲಿ ‘ಒನೇನಿಯಾ’ ಎಂಬ ಕಿರುಪುಸ್ತಕ ಹೊರಬಂತು. ಲೇಖಕನ ಹೆಸರಿರಲಿಲ್ಲ. ಬೈಬಲ್‌ನ ಆದಿಕಾಂಡದ ಓನಾನ್ ಎಂಬವನ ಹೆಸರನ್ನು ಅದಕ್ಕೆ ಇಡಲಾಗಿತ್ತು. ಆದರೆ ಓನಾನ್ ಮಾಡಿದ್ದು ಹಸ್ತಮೈಥುನವಲ್ಲ. ತೀರಿಹೋದ ಅಣ್ಣನ ಪತ್ನಿಗೆ ಸಂತಾನ ಕೊಡಲು ಮನಸ್ಸಿಲ್ಲದೆ ವೀರ್ಯವನ್ನು ಹೊರಗೆ ಚೆಲ್ಲಿದ್ದು. ಈ ಪುಸ್ತಕ ಹಸ್ತಮೈಥುನವನ್ನು ಪಾಪವೆಂದು ಬಿಡಲಿಲ್ಲ, ಘೋರ ರೋಗಗಳ ತಾಯಿ ಎಂದಿತು. ಜೊತೆಯಲ್ಲೇ ಆ ರೋಗಗಳಿಗೆ ಒಂದು ಅರಿಷ್ಟ ಮತ್ತು ಒಂದು ಚೂರ್ಣವನ್ನು ಶಿಫಾರಸು ಮಾಡಿ, ಅವು ಎಲ್ಲಿ ಸಿಗುತ್ತವೆ ಎಂದೂ ತಿಳಿಸಿತು. ಭಯವೂ ಮದ್ದೂ ಒಂದೇ ಪುಸ್ತಕದಲ್ಲಿ ಮಾರಾಟಕ್ಕಿದ್ದವು. ಅದು ಮತ್ತೆ ಮತ್ತೆ ಮುದ್ರಣ ಕಂಡಿತು. ರೋಗದ ಭಯ ಪೇಟೆಗೆ ಇಳಿದದ್ದು ವ್ಯಾಪಾರದ ಸರಕಾಗಿ ಎಂಬುದನ್ನು ನೆನಪಿಡಿ.

ಈ ಸರಕಿಗೆ ವೈದ್ಯನ ಮೊಹರು ಬಿದ್ದದ್ದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಪ್ರಸಿದ್ಧ ವೈದ್ಯ ಟಿಸ್ಸೋ ಅವರಿಂದ. ಅವರ ಗ್ರಂಥ 1758ರಲ್ಲಿ ಲ್ಯಾಟಿನ್‌ನಲ್ಲಿ, 1760ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟವಾಗಿ ಯುರೋಪಿನ ಹಲವು ಭಾಷೆಗಳಿಗೆ ಹೋಯಿತು. ಒಂದು ಔನ್ಸ್ ವೀರ್ಯ ಹೋಗುವುದು 40 ಔನ್ಸ್ ರಕ್ತ ಹೋಗುವುದಕ್ಕಿಂತ ಕೆಟ್ಟದ್ದೆಂದು ಅವರು ಬರೆದರು. 1812ರಲ್ಲಿ ಅಮೆರಿಕದ ಬೆಂಜಮಿನ್ ರಶ್ ಇದನ್ನು ಮನೋರೋಗದ ಕಾರಣಗಳ ಪಟ್ಟಿಗೆ ಸೇರಿಸಿದರು. 1830ರ ದಶಕದಲ್ಲಿ ಫ್ರಾನ್ಸ್‌ನ ಲಾಲೆಮಾಂಡ್, ತಾನಾಗಿ ವೀರ್ಯ ಸೋರುವುದೇ ಒಂದು ರೋಗವೆಂದು ಹೆಸರಿಟ್ಟು, ಮೂತ್ರನಾಳದೊಳಗೆ ರಾಸಾಯನಿಕದಿಂದ ಸುಡುವ ಚಿಕಿತ್ಸೆ ಮಾಡಿದರು. ಮಲಗುವಾಗ ತೊಡಿಸುವ ಮುಳ್ಳಿನ ಉಂಗುರಗಳೂ ಮಾರಾಟಕ್ಕೆ ಬಂದವು. ಕಾರ್ನ್‌ಫ್ಲೇಕ್ಸ್‌ನಿಂದ ನಮಗೆಲ್ಲ ಪರಿಚಿತವಾದ ಹೆಸರಿನ ಡಾ. ಜಾನ್ ಕೆಲ್ಲಾಗ್, ಅಭ್ಯಾಸ ಬಿಡಿಸಲು ಹುಡುಗರಿಗೆ ಅರಿವಳಿಕೆ ಕೊಡದೆ ಸುನ್ನತಿ ಮಾಡಿ, ಆ ನೋವೇ ಶಿಕ್ಷೆಯಾಗಲಿ ಎಂದು ಸಲಹೆ ಕೊಟ್ಟರು. ನಮಗೆ ಇಬ್ರಾಹೀಮ್(ಅ)ರ ಪರಂಪರೆಯಾದ ಖತ್ನಾವನ್ನು ಅವರು ದಂಡನೆ ಮಾಡಿದರು!

ಇಷ್ಟು ಕಲಿತವರು ಎಡವಿದ್ದೆಲ್ಲಿ? ಹುಚ್ಚಾಸ್ಪತ್ರೆಯ ರೋಗಿಗಳು ಎಲ್ಲರೆದುರು ಹಸ್ತಮೈಥುನ ಮಾಡುವುದನ್ನು ಕಂಡರು. ರೋಗದಿಂದ ಲಜ್ಜೆ ಕಳೆದುಹೋಗಿದೆ ಎನ್ನುವ ಬದಲು, ಇದರಿಂದಲೇ ರೋಗ ಬಂತೆಂದರು. ಕ್ಷಯದಿಂದ ಸೊರಗಿದ ಯುವಕನನ್ನು ಕೇಳಿದರೆ ಆತ ಒಪ್ಪಿಕೊಳ್ಳುತ್ತಿದ್ದ. ಆರೋಗ್ಯವಂತನನ್ನು ಯಾರೂ ಕೇಳುತ್ತಿರಲಿಲ್ಲ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದರು. 1905ರಲ್ಲಿ ಸಿಫಿಲಿಸ್‌ನ ರೋಗಾಣು ಸಿಕ್ಕಿತು. ಹಸ್ತಮೈಥುನದ ಲೆಕ್ಕಕ್ಕೆ ಬರೆದಿದ್ದ ರೋಗಗಳಿಗೆ ಒಂದೊಂದಾಗಿ ಬೇರೆ ಕಾರಣಗಳು ಹೊರಬಂದವು. 1948ರಲ್ಲಿ ಅಮೆರಿಕದ ಕಿನ್ಸೆ ವರದಿ ಬಂದಾಗ, ವಿಚಾರಿಸಿದ ಗಂಡಸರಲ್ಲಿ ಸುಮಾರು ಶೇ. 92ರಷ್ಟು ಮಂದಿ ಜೀವನದಲ್ಲಿ ಎಂದಾದರೂ ಇದನ್ನು ಮಾಡಿದ್ದೇವೆ ಎಂದರು. ಹಳೆಯ ಪುಸ್ತಕಗಳ ಮಾತು ನಿಜವಾಗಿದ್ದರೆ ಆ ದೇಶದ ಗಂಡಸರೆಲ್ಲ ಕುರುಡರಾಗಿರಬೇಕಿತ್ತು.

ನಮ್ಮ ಗೋಡೆಗಳ ಮೇಲೆ

ಯುರೋಪಿನ ವೈದ್ಯರು ಕೈಬಿಟ್ಟ ಭಯ ನಮ್ಮ ದೇಶದಲ್ಲಿ ಉಳಿಯಿತು. ವೀರ್ಯವೇ ದೇಹದ ಸಾರ ಎಂಬ ಹಳೆಯ ನಂಬಿಕೆ ಇಲ್ಲಿ ಮೊದಲೇ ಇತ್ತು. ಬ್ರಿಟಿಷರ ಕಾಲದ ಪತ್ರಿಕೆಗಳಲ್ಲಿ ಪೌರುಷದ ಮದ್ದುಗಳ ಜಾಹೀರಾತು ತುಂಬಿ ಎರಡೂ ಬೆರೆತವು. 1960ರಲ್ಲಿ ಮನೋವೈದ್ಯ ಡಾ. ಎನ್. ಎನ್. ವಿಗ್ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರು ಕೊಟ್ಟರು. ಸುಸ್ತು, ನಿದ್ರಾಹೀನತೆ, ಎದೆ ಡವಗುಟ್ಟುವುದು, ಎಲ್ಲಕ್ಕೂ ವೀರ್ಯ ಹೋದದ್ದೇ ಕಾರಣ ಎಂಬ ನಂಬಿಕೆ: ಇವು ಅದರ ಲಕ್ಷಣಗಳು. ಅಂಥವರನ್ನು ಕಾಡುವುದು ವೀರ್ಯನಾಶವಲ್ಲ, ಚಿಂತೆ ಮತ್ತು ಖಿನ್ನತೆ.

ಈ ಚಿಂತೆಯನ್ನು ಹಣ ಮಾಡಿಕೊಳ್ಳುವುದನ್ನು ತಡೆಯಲು ನಮ್ಮಲ್ಲಿ ಕಾನೂನೂ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂಬ ಔಷಧ ಜಾಹೀರಾತನ್ನು ನಿಷೇಧಿಸಿದೆ. ಹಮ್‌ದರ್ದ್ ದವಾಖಾನಾದವರು ಈ ಕಾಯಿದೆಯನ್ನು ಪ್ರಶ್ನಿಸಿದಾಗ, 1959ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದರ ಕೆಲವು ಅಂಶಗಳನ್ನು ತೆಗೆದುಹಾಕಿ ಉಳಿದದ್ದನ್ನು ಎತ್ತಿಹಿಡಿಯಿತು. ಆದರೂ ರೈಲು ಹಳಿಯ ಪಕ್ಕದ ಗೋಡೆಗಳಲ್ಲಿ, ಬಸ್ ನಿಲ್ದಾಣದ ಶೌಚಾಲಯಗಳಲ್ಲಿ, ಈಗ ಮೊಬೈಲ್‌ನಲ್ಲಿ ‘ಬಾಲ್ಯದ ತಪ್ಪಿಗೆ ಪರಿಹಾರ’ ಎಂಬ ಅದೇ ಕರೆ ಕಾಣುತ್ತದೆ. ಒನೇನಿಯಾದ ವ್ಯಾಪಾರ ಮುಗಿದಿಲ್ಲ.

ನಮ್ಮೊಳಗೂ ಕೆಲವು ಭಾಷಣಗಳಲ್ಲಿ, ಕೈಯನ್ನು ವಿವಾಹವಾದವನು ಶಾಪಗ್ರಸ್ತ ಎಂಬ ಮಾತನ್ನು ಹದೀಸ್ ಎಂದು ಹೇಳುವುದುಂಟು. ಅದಕ್ಕೆ ಮೂಲವೇ ಇಲ್ಲವೆಂದು ಮುಲ್ಲಾ ಅಲೀ ಖಾರಿ(ರಹ್) ಶತಮಾನಗಳ ಹಿಂದೆಯೇ ಬರೆದಿದ್ದಾರೆ. ಪಾಪದಿಂದ ತಡೆಯಲೆಂದು ಪ್ರವಾದಿ(ಸ)ರ ಹೆಸರಿನಲ್ಲಿ ಅವರು ಹೇಳದ್ದನ್ನು ಹೇಳುವುದು ಇನ್ನೂ ದೊಡ್ಡ ಪಾಪ.

ದೇಹಕ್ಕೆ ಮತ್ತು ದಾಂಪತ್ಯಕ್ಕೆ

ಇಂದಿನ ವೈದ್ಯಶಾಸ್ತ್ರದ ಮಾತು ಸ್ಪಷ್ಟ. ವೀರ್ಯ ರಕ್ತದಿಂದ ಕಡೆದು ತೆಗೆದ ಬೆಣ್ಣೆಯಲ್ಲ. ವೃಷಣಗಳು ದಿನವೂ ಕೋಟ್ಯಂತರ ವೀರ್ಯಾಣುಗಳನ್ನು ತಯಾರಿಸುತ್ತಲೇ ಇರುತ್ತವೆ; ಹೊರಬಾರದವು ದೇಹದಲ್ಲೇ ಕರಗಿಹೋಗುತ್ತವೆ. ಹಸ್ತಮೈಥುನದಿಂದ ಕಣ್ಣು ಹೋಗದು, ಕ್ಷಯ ಬಾರದು, ಬಂಜೆತನ ಬಾರದು, ಅಂಗ ಸಣ್ಣದಾಗದು. ಯುವಕರೇ, ಈ ಕಾರಣಕ್ಕೆ ನಿಕಾಹ್‌ನಿಂದ ಹಿಂದೆ ಸರಿಯಬೇಡಿ.

ಹಾಗೆಂದು ಹಾನಿಯೇ ಇಲ್ಲವೇ? ಇದೆ, ಆದರೆ ಅದು ಬೇರೆ ಕಡೆಯಲ್ಲಿದೆ. ಒರಟಾಗಿ, ಒಂದೇ ರೀತಿಯಲ್ಲಿ ಅಭ್ಯಾಸ ಮಾಡಿಕೊಂಡವರಿಗೆ ಪತ್ನಿಯೊಂದಿಗೆ ತೃಪ್ತಿ ಕಷ್ಟವಾಗಬಹುದು. ಕೈಯಲ್ಲಿ ಮೊಬೈಲ್, ಅದರಲ್ಲಿ ಅಶ್ಲೀಲ ಚಿತ್ರ ಎಂಬ ಚಟ ಹಿಡಿದವನಿಗೆ ಪಕ್ಕದಲ್ಲಿರುವ ಜೀವಂತ ಪತ್ನಿ ಕಾಣದಾಗುತ್ತಾಳೆ. ಅವಳು ತನ್ನಲ್ಲೇ ಏನೋ ಕೊರತೆಯಿದೆಯೆಂದು ಒಳಗೊಳಗೇ ನೋಯುತ್ತಾಳೆ. ಪತ್ನಿಗೂ ನಿನ್ನ ಮೇಲೆ ಹಕ್ಕಿದೆ ಎಂದು ಸಲ್ಮಾನ್(ರ) ಅಬುದ್ದರ್ದಾಅ್(ರ)ರಿಗೆ ಹೇಳಿದ್ದನ್ನು ಪ್ರವಾದಿ(ಸ)ರು ಒಪ್ಪಿದ್ದರು. ಅಬುದ್ದರ್ದಾಅ್(ರ) ಅವಳ ಹಕ್ಕು ಮರೆತದ್ದು ನಮಾಝ್, ಉಪವಾಸಗಳಲ್ಲಿ ಮುಳುಗಿ; ಅದಕ್ಕೂ ಅನುಮತಿ ಸಿಗದಿದ್ದರೆ ಮೊಬೈಲ್‌ಗೆ ಹೇಗೆ ಸಿಕ್ಕೀತು?

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ, ಹಿಡಿತ ತಪ್ಪಿ ಓದು, ಕೆಲಸ, ಸಂಸಾರ ಕೆಡಿಸುವ ಲೈಂಗಿಕ ಚಟವನ್ನು ಒಂದು ಕಾಯಿಲೆಯಾಗಿ ಸೇರಿಸಲಾಗಿದೆ. ಕೇವಲ ಪಾಪಪ್ರಜ್ಞೆಯಿಂದ ನೊಂದವನನ್ನು ರೋಗಿ ಎನ್ನಬಾರದೆಂದೂ ಅಲ್ಲಿ ಹೇಳಿದೆ. ಹಿಡಿತ ತಪ್ಪಿದವನಿಗೆ ಮನೋವೈದ್ಯರು, ಪಾಪಪ್ರಜ್ಞೆಗೆ ತೌಬಾ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಡಬಾರದು. ಗೋಡೆಬರಹದ ಮದ್ದು ಎರಡಕ್ಕೂ ಬೇಡ.

ದಾರಿ ಯಾವುದು? ಮದುವೆಗೆ ಶಕ್ತಿಯುಳ್ಳವರು ಮದುವೆಯಾಗಲಿ, ಇಲ್ಲದವರು ಉಪವಾಸ ಹಿಡಿಯಲಿ, ಅದು ಅವರಿಗೆ ಗುರಾಣಿ ಎಂದು ಪ್ರವಾದಿ(ಸ)ರು ಯುವಕರಿಗೆ ಕಲಿಸಿದರು. ದೃಷ್ಟಿ ತಗ್ಗಿಸಿ. ರಾತ್ರಿ ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಿ. ಒಂಟಿತನ ಕಡಿಮೆ ಮಾಡಿ, ಆಟ ಆಡಿ, ಮೈ ದಂಡಿಸಿ ಕೆಲಸ ಮಾಡಿ. ಜಾರಿದರೆ ಸ್ನಾನ ಮಾಡಿ ನಮಾಝ್‌ಗೆ ನಿಲ್ಲಿ. ಪಾಪಿಯೆಂದು ಮಸೀದಿ ಬಿಡುವುದು ಶೈತಾನನಿಗೆ ಎರಡನೇ ಗೆಲುವು ಕೊಟ್ಟಂತೆ. ತಂದೆತಾಯಂದಿರೇ, ವರದಕ್ಷಿಣೆಗಾಗಿ, ಅದ್ದೂರಿ ಮದುವೆಗಾಗಿ ಮಕ್ಕಳ ನಿಕಾಹನ್ನು ವರ್ಷಗಟ್ಟಲೆ ತಡಮಾಡಿ, ನಂತರ ಅವರ ಜಾರುವಿಕೆಗೆ ಅವರನ್ನೇ ಹಳಿಯುವುದು ನ್ಯಾಯವಲ್ಲ.

ವ್ಯಭಿಚಾರಕ್ಕೆ ಅನುಮತಿ ಕೊಡಿ ಎಂದು ಬಂದ ಯುವಕನ ಮೇಲೆ ಜನರೆಲ್ಲ ಗದರಿದಾಗ ಪ್ರವಾದಿ(ಸ)ರು ಅವನನ್ನು ಹತ್ತಿರ ಕರೆದು ಕೂರಿಸಿಕೊಂಡರು. ನಿನ್ನ ತಾಯಿಗೆ, ನಿನ್ನ ಸಹೋದರಿಗೆ ಇದನ್ನು ಬಯಸುವೆಯಾ ಎಂದು ಕೇಳಿ ತಿಳಿಹೇಳಿದರು. ಅವನ ಮೇಲೆ ಕೈಯಿಟ್ಟು ದುಆ ಮಾಡಿದರು. ವ್ಯಭಿಚಾರದಂಥ ದೊಡ್ಡ ಪಾಪ ಕೇಳಲು ಬಂದವನಿಗೆ ಅಷ್ಟು ಕರುಣೆ ಸಿಕ್ಕಿತು. ಅದಕ್ಕಿಂತ ಚಿಕ್ಕದನ್ನು ಹೇಳಿಕೊಂಡು ಅಳುವ ನಮ್ಮ ಮಕ್ಕಳಿಗೆ ನಾವು ಸತ್ಯವನ್ನೂ ಸಾಂತ್ವನವನ್ನೂ ಕೊಡೋಣ.

ಅಲ್ಲಾಹನು ನಮ್ಮ ಯುವಕರ ಚಾರಿತ್ರ್ಯವನ್ನು, ಆರೋಗ್ಯವನ್ನು ಕಾಪಾಡಲಿ, ಅವರ ನಿಕಾಹನ್ನು ಸುಲಭಗೊಳಿಸಲಿ. ಆಮೀನ್.