ಮನೆಯ ಗಣಕಯಂತ್ರವೂ ಅಂಗಡಿಯ ಮಾತೂ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ತೂಕ ಅಳತೆಗಳ ಮೇಲ್ವಿಚಾರಣೆಗೆ ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನು ವಿಧಿಸಿದುದಲ್ಲದೆ, ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ ವರ್ತಕರಿಂದ ಪ್ರಜೆಗಳನ್ನು ಕಾಪಾಡುವ ವಿಷಯಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಕಳ್ಳತಕ್ಕಡಿ, ಕೀಳು ಸರಕನ್ನು ಮೇಲು ಸರಕೆಂದು ಮಾರುವುದು, ವರ್ತಕರು ಒಳಗೊಳಗೇ ಕೂಡಿಕೊಂಡು ಬೆಲೆಯನ್ನು ಕೆಡಿಸುವುದು, ಇವೆಲ್ಲಕ್ಕೂ ಅಲ್ಲಿ ದಂಡವುಂಟು. ಅಕ್ಕಿ, ಎಣ್ಣೆ, ಬಂಗಾರಗಳ ಮಾತಾದರೆ ಕೊಳ್ಳುವವನಿಗೂ ಕಣ್ಣು ಕೈಗಳಿವೆ. ಮುಟ್ಟಿ ಮೂಸಿ ನೋಡಬಲ್ಲನು. ಕೊಳ್ಳುವವನು ಹಿಂದೆಂದೂ ಕಂಡರಿಯದ, ಅಳತೆಯ ಹೆಸರೇ ಅವನಿಗೆ ಅರ್ಥವಾಗದ ಸರಕೊಂದು ಪೇಟೆಗೆ ಬಂದಾಗ ಏನಾಗುತ್ತದೆಂಬುದಕ್ಕೆ ಅಮೆರಿಕಾ ಮತ್ತು ಇಂಗ್ಲೆಂಡು ದೇಶಗಳಲ್ಲಿ ಮನೆಬಳಕೆಯ ಗಣಕಯಂತ್ರಗಳ ಮೊದಲ ವರ್ಷಗಳು ಒಳ್ಳೆಯ ನಿದರ್ಶನವಾಗಿವೆ.

೧೯೭೭ನೆಯ ಇಸವಿಯಲ್ಲಿ ಆಪಲ್-೨, ಕಮೊಡೋರ್ ಕಂಪೆನಿಯ ಪೆಟ್, ಟ್ಯಾಂಡಿ ಕಂಪೆನಿಯ ಟಿ.ಆರ್.ಎಸ್.-೮೦ ಎಂಬ ಮೂರು ಯಂತ್ರಗಳು ಅಮೆರಿಕಾದಲ್ಲಿ ಹೊರಬಂದುವು. ಅದುವರೆಗೆ ಗಣಕಯಂತ್ರವೆಂದರೆ ಸರ್ಕಾರ, ಬ್ಯಾಂಕು, ವಿಶ್ವವಿದ್ಯಾನಿಲಯಗಳ ಸೊತ್ತು. ಇಲ್ಲವೇ ಬಿಡಿಭಾಗಗಳನ್ನು ತಾವೇ ಬೆಸೆದುಕೊಳ್ಳುವ ಹವ್ಯಾಸಿಗಳ ಗೀಳು. ಈ ಮೂರು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟೊಡನೆ ನಡೆಯತಕ್ಕವು. ಟ್ಯಾಂಡಿಯವರಿಗೆ ರೇಡಿಯೋ ಶ್ಯಾಕ್ ಎಂಬ ಸ್ವಂತ ಅಂಗಡಿಗಳು ಊರೂರಿಗೂ ಇದ್ದುವಾದ್ದರಿಂದ ಅಲ್ಲಿಗೆ ಹೋದ ಗಿರಾಕಿಗೆ ಎರಡನೆಯ ಯಂತ್ರದ ಹೆಸರು ಕಿವಿಗೆ ಬೀಳುವ ಸಂಭವವೇ ಇರಲಿಲ್ಲ. ಎದುರು ಪಂಗಡದವರು ಆ ಯಂತ್ರದ ಹೆಸರನ್ನೇ ತಿರುಚಿ 'ಟ್ರ್ಯಾಶ್-೮೦', ಅಂದರೆ ಕಸ-೮೦, ಎಂದು ಕರೆದರು. ಮತಭೇದಗಳು ಹುಟ್ಟುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲವಷ್ಟೆ!

ಈ ಪೇಟೆಯ ದೊಡ್ಡ ಕಲಹಕ್ಕೆ ಕಾರಣವಾದ ಹಗೆ ಗಣಕಯಂತ್ರಕ್ಕಿಂತ ಹಳೆಯದು. ಕಮೊಡೋರ್ ಕಂಪೆನಿಯ ಸ್ಥಾಪಕ ಜ್ಯಾಕ್ ಟ್ರಮೀಲ್ ಎಂಬಾತನು ಪೋಲೆಂಡಿನ ಯೆಹೂದ್ಯ. ಆಷ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವನು. ಅಮೆರಿಕಾಕ್ಕೆ ಬಂದು ಬೆರಳಚ್ಚು ಯಂತ್ರಗಳ ವ್ಯಾಪಾರದಿಂದ ಮೇಲೆದ್ದು, ೧೯೭೦ರ ದಶಕದ ಆದಿಯಲ್ಲಿ ಲೆಕ್ಕಮಾಡುವ ಕೈಯಂತ್ರಗಳನ್ನು ಮಾರುತ್ತಿದ್ದನು. ಅವುಗಳಿಗೆ ಬೇಕಾದ ಚಿಪ್ಪುಗಳನ್ನು ಒದಗಿಸುತ್ತಿದ್ದವರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯವರು. ಕೆಲವು ಕಾಲದ ಮೇಲೆ ಆ ಕಂಪೆನಿಯವರೇ ಕೈಯಂತ್ರಗಳ ಮಾರಾಟಕ್ಕಿಳಿದು, ಚಿಪ್ಪು ಕೊಳ್ಳುವವನು ತಾಳಲಾರದಷ್ಟು ಕಡಮೆ ಬೆಲೆಗೆ ಅವುಗಳನ್ನು ಮಾರತೊಡಗಿದರು. ೧೯೭೫ರಲ್ಲಿ ಟ್ರಮೀಲನ ಕಂಪೆನಿ ಮುಳುಗುವ ಸ್ಥಿತಿಗೆ ಬಂದಿತು. ಸರಕನ್ನು ಒದಗಿಸುವವನೇ ಎದುರಾಳಿಯಾದರೆ ಗತಿಯಿಲ್ಲವೆಂಬುದನ್ನು ಅನುಭವದಿಂದ ಕಲಿತ ಆತನು ೧೯೭೬ರಲ್ಲಿ ಮಾಸ್ ಟೆಕ್ನಾಲಜಿ ಎಂಬ ಚಿಪ್ಪಿನ ಕಾರ್ಖಾನೆಯನ್ನೇ ಕೊಂಡುಬಿಟ್ಟನು. ಮುಂದೆ ನಡೆದುದಕ್ಕೆಲ್ಲ ಈ ಕ್ರಯವೇ ಮೂಲ.

ಟೆಕ್ಸಾಸಿನವರು ೧೯೮೧ರಲ್ಲಿ ೯೯/೪ಎ ಎಂಬ ಯಂತ್ರವನ್ನು ೫೨೫ ಡಾಲರಿಗೆ ಮಾರಾಟಕ್ಕಿಟ್ಟರು. ಅದೇ ವರ್ಷ ಕಮೊಡೋರಿನವರ ವಿಕ್-೨೦ ಎಂಬುದು ಸುಮಾರು ೩೦೦ ಡಾಲರಿಗೆ ಬಂದಿತು. ೧೯೮೨ರ ಶರತ್ಕಾಲದಲ್ಲಿ ಟೆಕ್ಸಾಸಿನವರು ತಮ್ಮ ಯಂತ್ರವನ್ನು ಕೊಂಡವರಿಗೆ ೧೦೦ ಡಾಲರು ಹಿಂದಿರುಗಿಸುವುದಾಗಿ ಸಾರಿದರು. ಅದು ಪೂರ್ಣ ಬೆಲೆಯನ್ನು ಮೊದಲು ತೆತ್ತು, ನಮೂನೆಯನ್ನು ಭರ್ತಿಮಾಡಿ ಕಳುಹಿಸಿ, ಅಂಚೆಯ ದಾರಿ ಕಾಯಬೇಕಾದ ಮುಜರಾ. ಕೈಯಲ್ಲಿ ಕೊಟ್ಟ ಹಣವಲ್ಲ. ಕಮೊಡೋರಿನವರು ಬೆಲೆಯನ್ನೇ ಇಳಿಸಿ ಉತ್ತರ ಕೊಟ್ಟರು. ಇವರಿಳಿಸಿದರೆ ಅವರು, ಅವರಿಳಿಸಿದರೆ ಇವರು; ಹೀಗೆ ೧೯೮೩ರ ನಡುವಿಗೆ ಎರಡು ಯಂತ್ರಗಳೂ ನೂರು ಡಾಲರಿನ ಆಸುಪಾಸಿಗೆ ಇಳಿದುವು. ಚಿಪ್ಪುಗಳನ್ನು ತನ್ನ ಕಾರ್ಖಾನೆಯಲ್ಲೇ ಮಾಡಿಕೊಳ್ಳುತ್ತಿದ್ದ ಟ್ರಮೀಲನಿಗೆ ಆ ಬೆಲೆಯಲ್ಲಿಯೂ ಉಸಿರಾಟಕ್ಕೆ ಎಡೆಯಿತ್ತು. ಹೆಚ್ಚು ಖರ್ಚಿನ ಯಂತ್ರವನ್ನು ಕಟ್ಟಿದ್ದ ಟೆಕ್ಸಾಸಿನವರಿಗೆ ಇರಲಿಲ್ಲ.

ಇಷ್ಟು ಅಗ್ಗವಾದುದು ಗೃಹಸ್ಥನಿಗೆ ಲಾಭವಲ್ಲವೇ ಎಂದು ವಾಚಕರು ಕೇಳಬಹುದು. ಆ ನೂರು ಡಾಲರಿಗೆ ದೊರೆಯುತ್ತಿದ್ದುದು ಏನೆಂಬುದನ್ನು ನೋಡಬೇಕು. ಯಂತ್ರವನ್ನು ನಿಲ್ಲಿಸಿದೊಡನೆ ಬರೆದುದೆಲ್ಲ ಅಳಿಸಿಹೋಗುತ್ತಿತ್ತು. ಉಳಿಸಿಕೊಳ್ಳಬೇಕಾದರೆ ಟೇಪು ಬೇಕು. ಕಮೊಡೋರ್ ಯಂತ್ರಕ್ಕೆ ಮನೆಯಲ್ಲಿದ್ದ ಸಾಮಾನ್ಯ ಟೇಪುಯಂತ್ರವು ಹೊಂದುತ್ತಿರಲಿಲ್ಲ, ಆ ಕಂಪೆನಿಯದನ್ನೇ ಕೊಳ್ಳಬೇಕು. ಟೆಕ್ಸಾಸಿನವರಾದರೋ ಯಂತ್ರದಲ್ಲಿ ಕಳೆದುದನ್ನು ಕಾರ್ಟ್ರಿಜ್ಜುಗಳ ಮಾರಾಟದಲ್ಲಿ ತುಂಬಿಕೊಳ್ಳುವ ಲೆಕ್ಕದಲ್ಲಿದ್ದರು. ೧೯೮೩ರಲ್ಲಿ ಮಾಡಿದ ಯಂತ್ರಗಳಲ್ಲಿ ತಮ್ಮ ಅನುಮತಿಯಿಲ್ಲದೆ ಬೇರೆಯವರು ಮಾಡಿದ ಕಾರ್ಟ್ರಿಜ್ಜುಗಳು ನಡೆಯದಂತೆ ಏರ್ಪಾಡನ್ನೂ ಮಾಡಿದರು. ದೀಪವನ್ನು ಅಗ್ಗವಾಗಿ ಕೊಟ್ಟು ಎಣ್ಣೆಯನ್ನು ತನ್ನಲ್ಲಿಯೇ ಕೊಳ್ಳಬೇಕೆಂದು ಕಟ್ಟುಮಾಡುವ ಅಂಗಡಿಕಾರನ ರೀತಿ ಇದು.

ಅಳತೆಯ ವಿಚಾರ ಇನ್ನೂ ಸೂಕ್ಷ್ಮವಾದುದು. ಗಣಕಯಂತ್ರದ ಸ್ಮೃತಿಕೋಶವನ್ನು, ಅಂದರೆ ಮೆಮೊರಿಯನ್ನು, ಬೈಟುಗಳಲ್ಲಿ ಎಣಿಸುತ್ತಾರೆ. ಒಂದು ಆಂಗ್ಲ ಅಕ್ಷರಕ್ಕೆ ಒಂದು ಬೈಟು ಹಿಡಿಯುತ್ತದೆಂದು ತಿಳಿದರೆ ಸಾಕು. ೧,೦೨೪ ಬೈಟುಗಳು ಒಂದು 'ಕೆ'. ಅಂದಿನ ಪ್ರಕಟನೆಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುತ್ತಿದ್ದುದು ಈ ಸಂಖ್ಯೆ. ವಿಕ್-೨೦ಕ್ಕೆ ೫ ಕೆ ಎಂದು ಹೇಳುತ್ತಿದ್ದರು. ಯಂತ್ರವನ್ನು ಹಚ್ಚಿದರೆ ೩,೫೮೩ ಬೈಟುಗಳು ಮಾತ್ರ ಖಾಲಿಯಿವೆಯೆಂದು ಅದೇ ತೆರೆಯ ಮೇಲೆ ಒಪ್ಪಿಕೊಳ್ಳುತ್ತಿತ್ತು. ೧೯೮೨ರಲ್ಲಿ ಬಂದ ಕಮೊಡೋರ್-೬೪ರ ಹೆಸರಿನಲ್ಲಿಯೇ ೬೪ ಕೆ, ಎಂದರೆ ೬೫,೫೩೬ ಬೈಟುಗಳು; ಬೇಸಿಕ್ ಎಂಬ ಭಾಷೆಯಲ್ಲಿ ಬರೆಯಹೊರಟವನಿಗೆ ಸಿಗುತ್ತಿದ್ದುದು ೩೮,೯೧೧. ಉಳಿದುದು ಯಂತ್ರದಲ್ಲಿ ಇರಲಿಲ್ಲವೆಂದಲ್ಲ. ಒಳಮರ್ಮವನ್ನು ಬಲ್ಲವನು ಯಂತ್ರಭಾಷೆಯಲ್ಲಿ ಬರೆದು ಅದನ್ನೂ ಉಪಯೋಗಿಸಬಹುದಾಗಿತ್ತು. ಆದರೆ ಅಂಗಡಿಗೆ ಬಂದ ತಂದೆತಾಯಿಗಳಲ್ಲಿ ಅದನ್ನು ಬಲ್ಲವರೆಷ್ಟು ಮಂದಿ? ೯೯/೪ಎ ಯಂತ್ರಕ್ಕೆ ೧೬ ಕೆ ಎಂದಿದ್ದರೂ ಅದಿಷ್ಟೂ ಚಿತ್ರ ತೋರಿಸುವ ಚಿಪ್ಪಿಗೆ ಸೇರಿದುದಾಗಿದ್ದು, ಮುಖ್ಯ ಚಿಪ್ಪಿನ ನೇರ ಕೈಗೆ ಎಟಕುತ್ತಿದ್ದುದು ೨೫೬ ಬೈಟು ಮಾತ್ರ. ಆ ಮುಖ್ಯ ಚಿಪ್ಪು ೧೬ ಬಿಟ್ಟಿನದು, ಎದುರಾಳಿಗಳದು ೮ ಬಿಟ್ಟಿನದು ಎಂದು ಹೆಮ್ಮೆಪಟ್ಟುಕೊಂಡರು. ಅದರ ಬೇಸಿಕ್ ಮಾತ್ರ ಎರಡೆರಡು ಸಲ ಅರ್ಥ ಬಿಡಿಸಿಕೊಂಡು ನಡೆಯಬೇಕಾಗಿದ್ದುದರಿಂದ ತೆವಳುತ್ತಿತ್ತು. ಇವು ಸುಳ್ಳುಗಳಲ್ಲ. ಅಶ್ವತ್ಥಾಮನ ವಿಷಯದಲ್ಲಿ ಧರ್ಮರಾಯನು ಆಡಿದ ಮಾತಿನ ಜಾತಿಗೆ ಸೇರಿದವು. ಕೇಳಿದವನು ಕೆಟ್ಟನು, ಹೇಳಿದವನನ್ನು ಹಿಡಿಯಲಾಗದು.

ತಂದೆತಾಯಿಗಳ ಮಾತು ಬಂದುದರಿಂದ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಕಮೊಡೋರಿನವರು ದೂರದರ್ಶನದಲ್ಲಿ ಒಂದು ಚಿತ್ರವನ್ನು ತೋರಿಸಿದರು: ಹುಡುಗನೊಬ್ಬನು ಆಸೆಯಿಂದ ಕಾಲೇಜಿಗೆ ರೈಲು ಹತ್ತಿ ಹೋಗುತ್ತಾನೆ, ಓದಿನಲ್ಲಿ ಸೋತು ಮೋರೆ ತಗ್ಗಿಸಿಕೊಂಡು ಹಿಂತಿರುಗುತ್ತಾನೆ, ಮನೆಯಲ್ಲಿ ಗಣಕಯಂತ್ರವಿಲ್ಲದುದೇ ಕಾರಣವೆಂಬುದು ಅದರ ತಾತ್ಪರ್ಯ. ಮಕ್ಕಳ ಭವಿಷ್ಯವನ್ನು ಒತ್ತೆಯಿಟ್ಟು ವ್ಯಾಪಾರ ಮಾಡುವುದು ಎಲ್ಲ ವಂಚನೆಗಳಿಗಿಂತಲೂ ಹೀನವೆಂದೇ ಹೇಳಬೇಕು. ನೂರು ಡಾಲರು ಉಳಿಸಿಟ್ಟುಕೊಂಡಿದ್ದ ಕೂಲಿಕಾರನ ಮನೆಯಲ್ಲಿ ಆ ಚಿತ್ರ ಎಂತಹ ಅಳುಕನ್ನು ಹುಟ್ಟಿಸಿರಬೇಕು! ಕೊಲೆಕೊ ಎಂಬ ಆಟಿಕೆಯ ಕಂಪೆನಿಯವರು ೧೯೮೩ರಲ್ಲಿ ಆಡಮ್ ಎಂಬ ಯಂತ್ರವನ್ನು ಸಾರಿದರು. ಅಚ್ಚುಯಂತ್ರವೂ ಸೇರಿ ೬೦೦ ಡಾಲರೆಂದು ಮೊದಲು ಹೇಳಿದ ಬೆಲೆ ಏರಿತು. ಕ್ರಿಸ್ಮಸ್ಸಿಗೆ ಸಾಕಷ್ಟು ಯಂತ್ರಗಳು ಬರಲಿಲ್ಲ. ಬಂದವುಗಳಲ್ಲಿ ಅನೇಕವು ಕೆಟ್ಟಿದ್ದುವು. ಇಡೀ ಯಂತ್ರಕ್ಕೆ ವಿದ್ಯುತ್ತು ಅಚ್ಚುಯಂತ್ರದೊಳಗಿಂದ ಬರುತ್ತಿದ್ದುದರಿಂದ ಅದು ಕೆಟ್ಟರೆ ಎಲ್ಲವೂ ನಿಂತುಹೋಗುತ್ತಿತ್ತು. ಗುಂಡಿಯೊತ್ತಿದಾಗ ಹೊಮ್ಮುವ ಕಾಂತಶಕ್ತಿಯಿಂದ ಹತ್ತಿರದ ಟೇಪುಗಳು ಅಳಿಸಿಹೋಗುವುದೂ ಉಂಟಾಗಿತ್ತು. ಇಷ್ಟಾದ ಮೇಲೆ ಆ ಕಂಪೆನಿಯವರು ೧೯೮೪ರಲ್ಲಿ ಆಡಮನ್ನು ಕೊಂಡ ಮನೆಯ ಹುಡುಗನಿಗೆ ೫೦೦ ಡಾಲರಿನ ವಿದ್ಯಾರ್ಥಿವೇತನವನ್ನು ವಾಗ್ದಾನ ಮಾಡಿದರು; ಕೈಗೆ ಬರುವುದು ಅವನು ಕಾಲೇಜು ಮುಗಿಸಿದ ಮೇಲೆ. ೧೯೮೫ರ ಜನವರಿಯಲ್ಲಿ ಯಂತ್ರವನ್ನೇ ಕೈಬಿಟ್ಟರು.

ಚಿಲ್ಲರೆ ವರ್ತಕರ ಪಾಡು ವಿಚಿತ್ರವಾಗಿತ್ತು. ಮೊದಮೊದಲು ಗಣಕಯಂತ್ರವನ್ನು ಬಲ್ಲ ಅಂಗಡಿಗಳವರು ಗಿರಾಕಿಗೆ ಕಲಿಸಿ, ರಿಪೇರಿ ಮಾಡಿಕೊಟ್ಟು ಮಾರುತ್ತಿದ್ದರು. ಕಮೊಡೋರಿನವರು ಅದೇ ಯಂತ್ರಗಳನ್ನು ಬಟ್ಟೆಬರೆ ಪಾತ್ರೆಪಡಗಗಳನ್ನು ಮಾರುವ ಕೆ-ಮಾರ್ಟಿನಂತಹ ಭಂಡಾರಗಳಿಗೆ ಹಾಕಿದರು. ಹೆಚ್ಚು ಬೆಲೆಗೆ ದಾಸ್ತಾನು ಮಾಡಿಕೊಂಡಿದ್ದ ಹಳೆಯ ವರ್ತಕನು ಕೈಸುಟ್ಟುಕೊಂಡನು. ಆದರೆ ಒಂದು ಸಲ ವರ್ತಕರೇ ಕಂಪೆನಿಯ ಮೇಲೆ ಗೆದ್ದರು. ೧೯೮೩ರಲ್ಲಿ ಟ್ರಮೀಲನು, ಬೇರೆ ಯಾವುದೇ ಕಂಪೆನಿಯ ಗಣಕಯಂತ್ರವನ್ನೋ ಆಟದ ಯಂತ್ರವನ್ನೋ ಕಳುಹಿಸಿಕೊಟ್ಟವರಿಗೆ ಕಮೊಡೋರ್-೬೪ರ ಬೆಲೆಯಲ್ಲಿ ೧೦೦ ಡಾಲರು ಹಿಂದಿರುಗಿಸುವುದಾಗಿ ಹೇಳಿದನು. ಎದುರಾಳಿಗಳ ಯಂತ್ರಗಳನ್ನು ಮನೆಗಳಿಂದಲೇ ಕಿತ್ತುಹಾಕುವ ಹಂಚಿಕೆ ಅದು. ಆ ವೇಳೆಗೆ ಟೈಮೆಕ್ಸ್ ಸಿಂಕ್ಲೇರ್-೧೦೦೦ ಎಂಬ ಪುಟ್ಟ ಯಂತ್ರದ ಬೆಲೆ ಪಾತಾಳಕ್ಕಿಳಿದಿತ್ತು. ಅಂಚೆಯ ಮೂಲಕ ಮಾರುವ ಕೆಲವು ವರ್ತಕರು ಕಮೊಡೋರ್-೬೪ನ್ನು ಕೊಳ್ಳುವವರಿಗೆ ಅದನ್ನು ಹತ್ತೇ ಡಾಲರಿಗೆ ಜೊತೆಗೂಡಿಸಿದರು. ಗಿರಾಕಿಯು ಅದರ ಪೆಟ್ಟಿಗೆಯನ್ನೂ ಬಿಚ್ಚದೆ ಕಮೊಡೋರಿಗೆ ಕಳುಹಿಸಿ ನೂರು ಡಾಲರು ಎಣಿಸಿಕೊಳ್ಳಬಹುದಾಗಿತ್ತು. ಟೈಮೆಕ್ಸಿನವರೂ ಸ್ವಲ್ಪ ಕಾಲದಲ್ಲಿಯೇ ಪೇಟೆಯನ್ನು ಬಿಟ್ಟರು.

ಟೆಕ್ಸಾಸಿನವರಿಗೆ ೧೯೮೩ರ ಎರಡನೆಯ ತ್ರೈಮಾಸ ಒಂದರಲ್ಲಿಯೇ ೧೧ ಕೋಟಿ ೯೦ ಲಕ್ಷ ಡಾಲರು ನಷ್ಟವಾಯಿತು. ಅಕ್ಟೋಬರ್ ೨೮ರಂದು ಅವರು ಮನೆಯ ಗಣಕಯಂತ್ರದ ವ್ಯಾಪಾರವನ್ನು ನಿಲ್ಲಿಸುವುದಾಗಿ ತಿಳಿಸಿದರು. ಉಳಿದ ಯಂತ್ರಗಳು ೪೯ ಡಾಲರಿನಂತೆ ಹೋದುವು. ಅಲ್ಲಿ ಸೋತ ಇದೇ ಕಂಪೆನಿಯು ೧೯೮೫ರಲ್ಲಿ ಬೆಂಗಳೂರಿನಲ್ಲಿ ಚಿಪ್ಪುಗಳ ವಿನ್ಯಾಸ ಕೇಂದ್ರವನ್ನು ತೆರೆದು ಈ ನಾಡಿನ ಇಂಜಿನಿಯರುಗಳಿಗೆ ಕೆಲಸ ಕೊಟ್ಟಿತೆಂಬುದನ್ನು ಕನ್ನಡಿಗರು ಮರೆಯುವಂತಿಲ್ಲ. ಗೆದ್ದ ಟ್ರಮೀಲನಾದರೋ ಮೂರು ತಿಂಗಳೂ ತುಂಬುವುದರೊಳಗೆ, ೧೯೮೪ರ ಜನವರಿಯಲ್ಲಿ, ತಾನು ಕಟ್ಟಿದ ಕಂಪೆನಿಯಿಂದಲೇ ಹೊರಬಿದ್ದನು. ಅದೇ ವರ್ಷ ಎದುರಾಳಿಯಾದ ಅಟಾರಿಯ ಗೃಹಯಂತ್ರ ವಿಭಾಗವನ್ನು ಕೊಂಡು ಕಮೊಡೋರಿನ ವಿರುದ್ಧವೇ ತೊಡೆ ತಟ್ಟಿದನು.

ಇಂಗ್ಲೆಂಡಿನಲ್ಲಿ ರೋಗ ಒಂದೇ, ಲಕ್ಷಣ ಬೇರೆ. ಅಲ್ಲಿಯದು ಬೆಲೆಯ ಸುಳ್ಳಲ್ಲ, ದಿನದ ಸುಳ್ಳು. ಕ್ಲೈವ್ ಸಿಂಕ್ಲೇರ್ ಎಂಬಾತನು ೧೯೮೦ರಲ್ಲಿ ನೂರು ಪೌಂಡಿಗೊಳಗೆ ಗಣಕಯಂತ್ರವನ್ನು ಕೊಟ್ಟು ದೇಶದ ಮೆಚ್ಚುಗೆಯನ್ನು ಗಳಿಸಿದ್ದನು. ಆ ಪುಟ್ಟ ಪೆಟ್ಟಿಗೆಯಿಂದ ವಿದ್ಯುದಾಗಾರವನ್ನೇ ನಡೆಸಬಹುದೆಂದು ಅದರ ಪ್ರಕಟನೆಯಲ್ಲಿತ್ತು. ಹಣ ಕಳುಹಿಸಿದ ೨೮ ದಿನಗಳಲ್ಲಿ ಸರಕು ಮನೆಗೆ ಎಂಬುದು ಆತನ ವಾಗ್ದಾನ. ೧೯೮೨ರಲ್ಲಿ ಸ್ಪೆಕ್ಟ್ರಮ್ ಯಂತ್ರಕ್ಕೆ ಚೆಕ್ಕು ಕಳುಹಿಸಿದವರು ತಿಂಗಳುಗಟ್ಟಲೆ ಕಾದರು. ೧೯೮೪ರ ಜನವರಿ ೧೨ರಂದು ಕ್ಯೂ.ಎಲ್. ಎಂಬ ೩೯೯ ಪೌಂಡಿನ ಯಂತ್ರವನ್ನು ಲೋಕಕ್ಕೆ ತೋರಿಸಿ ಆರ್ಡರುಗಳನ್ನು ತೆಗೆದುಕೊಂಡಾಗ ಯಂತ್ರವು ಇನ್ನೂ ಪೂರ್ತಿಯಾಗಿಯೇ ಇರಲಿಲ್ಲ. ವಸಂತದಲ್ಲಿ ಮೊದಲ ಕೆಲವು ಗಿರಾಕಿಗಳಿಗೆ ತಲಪಿದವುಗಳ ಬೆನ್ನಿಗೆ, ಒಳಗೆ ಹಿಡಿಸದೆ ಉಳಿದ ಚಿಪ್ಪಿನ ತುಂಡೊಂದು ಬಾಲದಂತೆ ಜೋತುಬಿದ್ದಿತ್ತು. ೩೨ ಬಿಟ್ಟಿನ ಯಂತ್ರವೆಂದು ಸಾರಿದ ಅದರ ಚಿಪ್ಪು ಒಳಗೆ ೩೨ ಬಿಟ್ಟಿನದಾದರೂ ಹೊರಗಿನೊಡನೆ ವ್ಯವಹರಿಸುತ್ತಿದ್ದುದು ೮ ಬಿಟ್ಟುಗಳಲ್ಲಿ. ದೂರುಗಳು ಜಾಹೀರಾತು ಪ್ರಮಾಣ ಮಂಡಲಿಯವರೆಗೆ ಹೋದುವು.

ಸಿಂಕ್ಲೇರನ ಎದುರಾಳಿ ಏಕಾರ್ನ್ ಕಂಪೆನಿಯ ಕ್ರಿಸ್ ಕರ್ರಿ ಹಿಂದೆ ಆತನ ಕೈಕೆಳಗೆ ಕೆಲಸಮಾಡಿದವನೇ. ಬಿ.ಬಿ.ಸಿ. ಎಂಬ ಬ್ರಿಟಿಷ್ ಬಾನುಲಿ ಸಂಸ್ಥೆಯು ತನ್ನ ಹೆಸರಿನ ಯಂತ್ರವನ್ನು ಮಾಡುವ ಹಕ್ಕನ್ನು ೧೯೮೧ರಲ್ಲಿ ಏಕಾರ್ನಿಗೆ ಕೊಟ್ಟಿತು. ಭಾರತ ಸರ್ಕಾರವು ೧೯೮೪ರಲ್ಲಿ ಆರಂಭಿಸಿದ ಶಾಲಾ ಗಣಕಯೋಜನೆಯಲ್ಲಿ ನಮ್ಮ ದೇಶದ ಮಕ್ಕಳು ಮುಟ್ಟಿದುದೂ ಇದೇ ಬಿ.ಬಿ.ಸಿ. ಯಂತ್ರವನ್ನು. ಗೌರವಸ್ಥರ ಹೆಸರಿದ್ದರೂ ಅದೂ ಹೇಳಿದ ದಿನಕ್ಕೆ ಬರಲಿಲ್ಲ. ೩೩೫ ಪೌಂಡೆಂದು ಹೇಳಿದ ದೊಡ್ಡ ಮಾದರಿಯ ಬೆಲೆ ಬೇಗನೆಯೇ ೩೯೯ ಆಯಿತು. ೧೯೮೪ರ ಕ್ರಿಸ್ಮಸ್ಸಿನ ಸಮಯದಲ್ಲಿ ಏಕಾರ್ನಿನವರು ಸಿಂಕ್ಲೇರ್ ಯಂತ್ರಗಳು ಎಷ್ಟೋ ಕೆಟ್ಟು ಅಂಗಡಿಗೆ ಹಿಂತಿರುಗುತ್ತವೆಂದು ಸೂಚಿಸುವ ಪ್ರಕಟನೆಯನ್ನು ಪತ್ರಿಕೆಗಳಲ್ಲಿ ಹಾಕಿಸಿದರು. ಹಿಂದಿನ ವರ್ಷವಷ್ಟೆ 'ಸರ್' ಪದವಿಯನ್ನು ಪಡೆದಿದ್ದ ಸಿಂಕ್ಲೇರನು ಕೇಂಬ್ರಿಜ್ಜಿನ 'ಬ್ಯಾರನ್ ಆಫ್ ಬೀಫ್' ಎಂಬ ಪಾನಗೃಹದಲ್ಲಿ ಕರ್ರಿಯನ್ನು ಕಂಡು, ಸುರುಳಿಸುತ್ತಿದ ಪತ್ರಿಕೆಯಿಂದಲೇ ಹೊಡೆದನು.

ಆ ಹೊತ್ತಿಗೆ ಇಬ್ಬರ ಉಗ್ರಾಣಗಳಲ್ಲಿಯೂ ಮಾರದೆ ಉಳಿದ ಯಂತ್ರಗಳು ರಾಶಿಬಿದ್ದಿದ್ದುವು. ೧೯೮೫ರ ಫೆಬ್ರವರಿಯಲ್ಲಿ ಇಟಲಿಯ ಒಲಿವೆಟ್ಟಿ ಕಂಪೆನಿಯು ಏಕಾರ್ನಿನ ಅರ್ಧದಷ್ಟು ಷೇರುಗಳನ್ನು ತೆಗೆದುಕೊಂಡಿತು. ೧೯೮೬ರ ಏಪ್ರಿಲಿನಲ್ಲಿ ಸಿಂಕ್ಲೇರನು ತನ್ನ ಗಣಕಯಂತ್ರದ ವ್ಯಾಪಾರವನ್ನೂ ಅದರೊಡನೆ ತನ್ನ ಹೆಸರನ್ನೂ ೫೦ ಲಕ್ಷ ಪೌಂಡಿಗೆ ಆಮ್‌ಸ್ಟ್ರಾಡ್ ಕಂಪೆನಿಗೆ ಮಾರಿದನು. ಕೊಂಡವರು ಕ್ಯೂ.ಎಲ್. ಯಂತ್ರವನ್ನು ನಿಲ್ಲಿಸಿ, ಸ್ಪೆಕ್ಟ್ರಮ್ಮಿನ ಪೆಟ್ಟಿಗೆಗಳ ಮೇಲೆ ಸಿಂಕ್ಲೇರ್ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡು ಇನ್ನೂ ಕೆಲವು ವರ್ಷ ಮಾರಿದರು.