ಪೆನ್‌ಡ್ರೈವ್ ಏಕೆ ತಡಮಾಡುತ್ತದೆ?



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ನಾನು ಪಾಠ ಹೇಳಿದ ಶಾಲೆಗಳ ಬೀಳ್ಕೊಡುಗೆ ಚಿತ್ರಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿದ್ದವು. ಈಚೆಗೆ ಅದಕ್ಕೆ ನೂರಾರು ಹೊಸ ಚಿತ್ರಗಳನ್ನು ಸೇರಿಸಲು ಕುಳಿತೆ. ಅರ್ಧ ಗಂಟೆಯಾದರೂ ಕೆಲಸ ಮುಗಿಯಲಿಲ್ಲ. ತಾಳ್ಮೆಗೆಟ್ಟು ನಡುವೆಯೇ ಕಿತ್ತುಬಿಟ್ಟೆ. ಬ್ಯಾಡಗಿಯ 1998ರ ತಂಡದ ಚಿತ್ರಗಳಿದ್ದ ಕಡತಕೋಶ ಮತ್ತೆ ತೆರೆಯಲೇ ಇಲ್ಲ. ಈ ಪುಟ್ಟ ಸಾಧನದ ಚರಿತ್ರೆಯನ್ನು ಅರಿತಿದ್ದರೆ ಆ ತಪ್ಪನ್ನು ಮಾಡುತ್ತಿರಲಿಲ್ಲ.

1984ರಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೋ ಮಸುವೋಕಾ ಅವರು ಫ್ಲ್ಯಾಶ್ ಸ್ಮೃತಿಯನ್ನು ಜಗತ್ತಿನ ಮುಂದಿಟ್ಟರು. ಅದರ ಗುಣವು ನಮ್ಮ ಪಾಟಿಯಂತಹುದು. ಬರೆದುದರ ಮೇಲೆಯೇ ಇನ್ನೊಂದು ಅಕ್ಷರವನ್ನು ಬರೆಯಲಾಗದು. ಒಂದು ಭಾಗವನ್ನು ಪೂರ್ಣವಾಗಿ ಒರೆಸಿಯೇ ಹೊಸದಾಗಿ ಬರೆಯಬೇಕು. ತಡವಾಗುವುದಕ್ಕೆ ಮೂಲ ಕಾರಣವಿದು.

ಎರಡನೆಯ ಕಾರಣ ದಾರಿಯದು. 1996ರ ಮೊದಲ ಯುಎಸ್‌ಬಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. 2000ದಲ್ಲಿ ಅದು 480 ಆಯಿತು; 2008ರಲ್ಲಿ 5000. ಇಂಟೆಲ್ ಸಂಸ್ಥೆಯಲ್ಲಿ ಇದಕ್ಕಾಗಿ ದುಡಿದವರಲ್ಲಿ ವಡೋದರಾದ ಅಜಯ್ ಭಟ್ ಪ್ರಮುಖರು. ಪೆನ್‌ಡ್ರೈವ್ ಹೊಸದಾದರೂ ಗಣಕದ ಕಿಂಡಿ ಹಳೆಯದಾದರೆ ಹಳೆಯ ವೇಗವೇ ಗತಿ.

ಮೂರನೆಯದು ನಮ್ಮದೇ ಅವಿವೇಕ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯನ್ನು ಒಂದೊಂದಾಗಿ ತೂಗಿಸಿ ಲೆಕ್ಕ ಬರೆಯಿಸಿದರೆ ಎಷ್ಟು ಹೊತ್ತಾದೀತು? ಚೀಲದಲ್ಲಿ ತುಂಬಿ ತಂದರೆ ಒಂದೇ ತೂಕ. ಸಾವಿರ ಸಣ್ಣ ಕಡತಗಳನ್ನು ಕಳುಹಿಸಿದರೆ ಸಾವಿರ ಸಲ ದಾಖಲೆ ಬರೆಯಬೇಕಾಗುತ್ತದೆ. ಅವನ್ನು ಗಣಕದಲ್ಲಿಯೇ ಜಿಪ್ ಮಾಡಿ ಒಂದೇ ಕಡತವಾಗಿ ಕಳುಹಿಸುವುದು ಜಾಣತನ.

ಪೆನ್‌ಡ್ರೈವ್ ನಿಧಾನವಾಯಿತೆಂದು ಮೊದಲೇ ಫಾರ್ಮ್ಯಾಟ್ ಮಾಡಬೇಡಿರಿ. ಅದು ಇದ್ದುದನ್ನೂ ಅಳಿಸುತ್ತದೆ. ಮೊದಲು ಎಲ್ಲವನ್ನೂ ಗಣಕಕ್ಕೆ ನಕಲು ಮಾಡಿಕೊಳ್ಳಿರಿ. ಆಮೇಲೆ ಬೇರೆ ಕಿಂಡಿಯಲ್ಲಿ ಹಾಕಿ ನೋಡಿರಿ. ಅನಂತರ ಫಾರ್ಮ್ಯಾಟ್ ಮಾಡಬಹುದು. ಆಗಲೂ ತಡವರಿಸಿದರೆ ಅದು ಸವೆದಿರಬಹುದು; ಅಮೂಲ್ಯವಾದುದನ್ನು ಅದಕ್ಕೆ ಒಪ್ಪಿಸಬೇಡಿರಿ. ಪರದೆಯ ಮೇಲೆ ನಕಲು ಮುಗಿದಂತೆ ಕಂಡರೂ ಬರವಣಿಗೆ ಒಳಗೆ ನಡೆಯುತ್ತಿರಬಹುದು. ಆದ್ದರಿಂದ ಸುರಕ್ಷಿತವಾಗಿ ತೆಗೆಯುವ ಆಜ್ಞೆ ಕೊಟ್ಟ ಮೇಲೆಯೇ ಕೀಳಿರಿ.

ತರಗತಿಯಲ್ಲಿ ನಿಧಾನವಾಗಿ ಬರೆಯುವ ಹುಡುಗನ ಕೈಯಿಂದ ಪಾಟಿಯನ್ನು ನಾನು ಎಂದೂ ಕಿತ್ತುಕೊಂಡವನಲ್ಲ. ಯಂತ್ರದ ವಿಷಯದಲ್ಲಿ ಆ ಸಹನೆ ಉಳಿಯಲಿಲ್ಲ. ಮೂಲ ಚಿತ್ರಗಳನ್ನು ಅವರವರಿಗೆ ಹಿಂದಿರುಗಿಸಿ ಬಹಳ ದಿನಗಳಾದವು. 1998ರ ತಂಡದವರಲ್ಲಿ ಯಾರ ಮನೆಯ ಗೋಡೆಯ ಮೇಲಾದರೂ ಆ ಚಿತ್ರವಿದ್ದರೆ ದಯವಿಟ್ಟು ತಿಳಿಸಿರಿ. ಈ ಸಲ ಎರಡು ಕಡೆ ಕಾದಿಡುತ್ತೇನೆ.