ಎರಡು ಗುಂಡಿನಿಂದ ಎರಡೂವರೆ ಗಿಗಾಬಿಟ್‌ಗೆ

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು. ಸಾವಾದರೆ ಒಂದರ ಬೆನ್ನಿಗೆ ಇನ್ನೊಂದು, ಎರಡು ಗುಂಡು. ಗದ್ದೆಯಾಚೆಯ ಮನೆಯವರು ಸದ್ದು ಎಣಿಸಿ ಸುದ್ದಿ ಯಾವುದೆಂದು ತಿಳಿದು ಹೊರಡುತ್ತಿದ್ದರು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹಾಗಾಗಿ ಪಕ್ಕದ ಗುಡ್ಡಕ್ಕೆ ಸುದ್ದಿ ಮುಟ್ಟಲು ಕೆಲವೇ ಕ್ಷಣ ಸಾಕಿತ್ತು. ಆದರೆ ಹೋದವರು ಯಾರು, ಹೇಗೆ, ಮಣ್ಣು ಯಾವಾಗ ಎಂಬುದೆಲ್ಲ ಆ ಸದ್ದಿನಲ್ಲಿ ಹಿಡಿಸುತ್ತಿರಲಿಲ್ಲ. ಅದಕ್ಕೆ ಆಳು ನಡೆದೇ ಬರಬೇಕು.

ಕೊಡಗಿನಲ್ಲಿ ಸುದ್ದಿ ಸಾಗಿದ ಚರಿತ್ರೆಯನ್ನು ಬರೆಯುವವರು ದೂರದ ಲೆಕ್ಕದಿಂದಲೇ ಶುರು ಮಾಡಬೇಕು. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ನಿಂತಿಲ್ಲ. ಗದ್ದೆಯ ಮೇಲಿನ ಏರಿನಲ್ಲಿ ಒಂದು ಐನ್‌ಮನೆ (ಕುಟುಂಬದ ಮೂಲಮನೆ), ತೋಟ ದಾಟಿದರೆ ಇನ್ನೊಂದು, ನಡುವೆ ಹೊಳೆಯೋ ಕಾಡೋ. ಹತ್ತು ಮನೆಗೆ ಒಂದೊಂದು ತಂತಿ ಎಳೆಯಲು ಮಂಡ್ಯದ ಹಳ್ಳಿಯಲ್ಲಿ ಒಂದು ಬೀದಿ ಸುತ್ತಿದರೆ ಆಯಿತು, ನಾಪೋಕ್ಲು ಕಡೆ ಅಷ್ಟಕ್ಕೇ ಮೂರು ಗುಡ್ಡ ಹತ್ತಿಳಿಯಬೇಕು. ಕಂಬ ನೆಟ್ಟವರಿಗೆ ಈ ಲೆಕ್ಕ ಎಂದೂ ಕೂಡಿಬರಲಿಲ್ಲ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ವಶಕ್ಕೆ ತೆಗೆದುಕೊಂಡಿತು. ಇಪ್ಪತ್ತು ವರ್ಷದ ಮೇಲೆ, 1854ರಲ್ಲಿ, ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ. ಅದೇ ಹೊತ್ತಿಗೆ ಓ'ಶಾನೆಸ್ಸಿ ಎಂಬ ವೈದ್ಯ ಕಲ್ಕತ್ತೆಯಿಂದ ಆರಂಭಿಸಿದ ಟೆಲಿಗ್ರಾಫ್ ತಂತಿ ದೇಶದ ದೊಡ್ಡ ಪಟ್ಟಣಗಳನ್ನು ಕೂಡಿಸಿ, 1855ರ ಹೊತ್ತಿಗೆ ಸಾರ್ವಜನಿಕರಿಗೂ ತೆರೆದಿತ್ತು. 1870ರಲ್ಲಿ ಸಮುದ್ರದಡಿಯ ಕೇಬಲ್ ಮುಂಬಯಿಯನ್ನು ಲಂಡನ್ನಿಗೆ ಜೋಡಿಸಿತು. ಕೊಡಗಿನ ಕಾಫಿ ಮಾತ್ರ ಘಟ್ಟ ಇಳಿದು ತಲಚೇರಿ, ಮಂಗಳೂರಿನ ಹಾದಿಯಲ್ಲಿ ಎತ್ತಿನ ಗಾಡಿಯ ನಡಿಗೆಯಲ್ಲೇ ಹೋಗುತ್ತಿತ್ತು. ಬೇರೆ ಕಡೆ ತಂತಿ ರೈಲು ಹಳಿಯ ಪಕ್ಕದಲ್ಲಿ ಸಲೀಸಾಗಿ ಹಬ್ಬಿತು. ಕೊಡಗಿಗೆ ರೈಲು ಅಂದೂ ಬರಲಿಲ್ಲ, ಇಂದೂ ಇಲ್ಲ.

ಸೈನ್ಯಕ್ಕೆ ಮಕ್ಕಳನ್ನು ಕೊಟ್ಟ ನಾಡಿನಲ್ಲಿ 'ತಂತಿ ಬಂತು' ಎಂಬ ಮಾತಿಗೆ ಬೇರೆಯೇ ತೂಕವಿತ್ತು. ಅಂಚೆಯವನು ವೇಳೆಯಲ್ಲದ ವೇಳೆಯಲ್ಲಿ ಗೇಟು ತೆರೆದರೆ ಒಳಗಿದ್ದವರ ಎದೆ ಹಾರುತ್ತಿತ್ತು. ಅಂಥ ಸುದ್ದಿ ರೇಡಿಯೊದಲ್ಲಿ ಬಂದದ್ದೂ ಉಂಟು: 1965ರ ಯುದ್ಧದಲ್ಲಿ ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ, ವಾಯುಪಡೆಯ ಪೈಲಟ್, ಪಾಕಿಸ್ತಾನದಲ್ಲಿ ಸೆರೆಸಿಕ್ಕ ಸುದ್ದಿಯನ್ನು ಆ ದೇಶದ ರೇಡಿಯೊ ಬಿತ್ತರಿಸಿತು. ಟೆಲಿಗ್ರಾಮ್ ಸೇವೆ 2013ರ ಜುಲೈ ನಡುವೆ ಇಡೀ ದೇಶದಲ್ಲಿ ನಿಂತುಹೋಯಿತು. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿ ಮಾತ್ರ ಇನ್ನೂ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ.

ಟೆಲಿಫೋನ್ ಬಂದದ್ದು ಜೋಡಿ ತಾಮ್ರದ ಎಳೆಗಳ ಮೇಲೆ. ಆ ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದರೆ ಪಕ್ಕದ ತಂತಿಯ ಗದ್ದಲ ಒಳನುಗ್ಗುವುದಿಲ್ಲ ಎಂದು ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಈ ಹೊಸೆದ ಜೋಡಿ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ. ಕೊಡಗಿನ ಮೂರು ಹಳೆಯ ತಾಲ್ಲೂಕಿಗೆ ಮೂರು ಎಸ್‌ಟಿಡಿ ಸಂಖ್ಯೆ: ಮಡಿಕೇರಿಗೆ 08272, ವಿರಾಜಪೇಟೆಗೆ 08274, ಸೋಮವಾರಪೇಟೆಗೆ 08276. ತಾಲ್ಲೂಕುಗಳು ಈಗ ಐದಾಗಿವೆ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯುವ ಕಾಲ ಮುಗಿಯಲು ಎರಡು ಸಂಗತಿ ಕಾರಣವಾದವು. ಒಂದು ಸಿ-ಡಾಟ್ ಸಂಸ್ಥೆಯ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜು. ಬಿಸಿಲು ಧೂಳಿಗೆ ಹೆದರದ, ಹವಾನಿಯಂತ್ರಣ ಬೇಡದ ಆ ಯಂತ್ರ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಇನ್ನೊಂದು ಕಾಫಿ ಮಾರಾಟ. ಕಾಫಿ ಮಂಡಳಿಯ ಪೂಲ್‌ಗೆ ಎಲ್ಲವನ್ನೂ ಕೊಡುವ ಪದ್ಧತಿ 1990ರ ದಶಕದ ಮಧ್ಯದಲ್ಲಿ ಮುಗಿದ ಮೇಲೆ ಇಂದಿನ ದರ ಇಂದೇ ತಿಳಿಯುವ ಅವಸರ ಸಣ್ಣ ಬೆಳೆಗಾರನಿಗೂ ಹುಟ್ಟಿತು. ಫೋನು ಕಣದ ಪಕ್ಕಕ್ಕೇ ಬೇಕಾಯಿತು.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಅದೇ ಫೋನಿನ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಕೊಡಲು ಶುರುಮಾಡಿತು. ಹಿಂದಿನ ವರ್ಷದ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. ಆ ವೇಗದಲ್ಲಿ ಒಂದು ಜಿಬಿ ಇಳಿಸಲು ಎಂಟೂವರೆ ಗಂಟೆಗೂ ಹೆಚ್ಚು ಬೇಕು. ಅದೂ ಎಕ್ಸ್‌ಚೇಂಜಿನ ಹತ್ತಿರ ಇದ್ದವರಿಗೆ. ತಾಮ್ರ ಉದ್ದವಾದಷ್ಟೂ ಈ ತಂತ್ರದ ಸಂಕೇತ ಸೊರಗುತ್ತದೆ, ನಾಲ್ಕೈದು ಕಿಲೋಮೀಟರ್ ದಾಟಿದರೆ ಮೋಡೆಮ್ಮಿನ ದೀಪ ಮಿಣುಕುವುದಷ್ಟೇ. ತೋಟದ ಬಂಗಲೆಗಳು ಇದ್ದದ್ದು ಬಹುತೇಕ ಆ ಗಡಿಯಾಚೆ. ಸಾಲದ್ದಕ್ಕೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ. ಸಿಡಿಲು ಎಲ್ಲೋ ಹೊಡೆದರೂ ತಾಮ್ರದ ಗುಂಟ ಒಳಬಂದು ಮೋಡೆಮ್ ಸುಡುತ್ತಿತ್ತು. ಮೋಡ ಕವಿದರೆ ಮೊದಲು ಫೋನಿನ ತಂತಿ ಕಿತ್ತಿಡುವುದನ್ನು ತೋಟದ ರೈಟರುಗಳು ಆಗ ಕಲಿತರು.

ಕೊರೊನಾ ಕಾಲದಲ್ಲಿ ಈ ದೂರ ದೇಶಕ್ಕೆಲ್ಲ ಕಂಡಿತು. 2021ರಲ್ಲಿ ಶನಿವಾರಸಂತೆ ಕಡೆಯ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿ, ಅಲ್ಲಿ ಸಿಗ್ನಲ್ ಹಿಡಿದು ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿದರು. ಪತ್ರಿಕೆಗಳು ಆ ಸಾಹಸವನ್ನು ಹೊಗಳಿದವು. ಮೇಷ್ಟ್ರು ಮರ ಹತ್ತಬೇಕಾಗಿ ಬಂದದ್ದು ಯಾಕೆ ಎಂದು ಕೇಳಿದವರು ಕಡಿಮೆ.

ಈಗ ಹಲವು ಊರುಗಳಿಗೆ ಫೈಬರ್ ಬಂದಿದೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆ ತಲುಪಿಸಲು ಹೊರಟಿತು. ಅಲ್ಲಿಂದ ಮನೆಗೆ ಎಳೆ ತರುವವರಲ್ಲಿ ಟಿವಿ ಕೇಬಲ್ ನಡೆಸುತ್ತಿದ್ದ ಸ್ಥಳೀಯರೂ ಇದ್ದಾರೆ. ವೇಗ ಸೆಕೆಂಡಿಗೆ 100 ಮೆಗಾಬಿಟ್ ಮುಟ್ಟುತ್ತದೆ. ಆದರೆ ಆ ಎಳೆ ನೇತಾಡುವುದು ಕರೆಂಟಿನ ಕಂಬದಲ್ಲೋ ಸಿಲ್ವರ್ ಓಕ್ ಮರದಲ್ಲೋ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮದೆನಾಡಿನ ಗುಡ್ಡಗಳು ಜಾರಿದಾಗ ರಸ್ತೆಯೇ ಉಳಿಯಲಿಲ್ಲ, ಇನ್ನು ತಂತಿಯ ಮಾತೆಲ್ಲಿ.

ಹೊರಗಿನ ತಂತಿಯನ್ನು ನೆಚ್ಚಿಕೊಳ್ಳಲಾಗದವರು ತಮ್ಮ ದಾಖಲೆಗಳನ್ನು ಮನೆಯಲ್ಲೇ ಕೂಡಿಡುತ್ತಾರೆ. ಇದು ಜಿಪುಣತನವಲ್ಲ, ವಿವೇಕ. ಕೂಡಿಡುವುದು ಇಲ್ಲಿ ಹೊಸದೂ ಅಲ್ಲ: ನಡಿಕೇರಿಯಂಡ ಚಿಣ್ಣಪ್ಪ ಕೊಡವರ ಹಾಡು-ಆಚಾರಗಳನ್ನು ಮನೆ ಮನೆಯ ಹಿರಿಯರಿಂದ ಕೇಳಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಪುಸ್ತಕ ಹೊರತಂದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಅದನ್ನು ಇಂಗ್ಲಿಷಿಗೆ ತಂದರು, ಕೊಡಗು ಸುತ್ತಿ ಐನ್‌ಮನೆಗಳನ್ನು ದಾಖಲಿಸಿದರು. ಈಗ ಕೂಡಿಡುವ ಸರಕು ಬದಲಾಗಿದೆ: ಮದುವೆಯ ವಿಡಿಯೊ, ಹೋಂಸ್ಟೇ ಕ್ಯಾಮೆರಾದ ದಾಖಲೆ, ಹಕ್ಕಿಯ ಫೋಟೊ, ಕುಟುಂಬದ ವಂಶವೃಕ್ಷ, ಹಾಕಿ ಪಂದ್ಯ. ಕರಡ ಗ್ರಾಮದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ 60 ಕುಟುಂಬಗಳೊಂದಿಗೆ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳಿಗೆ ಬೆಳೆಯಿತು. ಅಷ್ಟು ಪಂದ್ಯದ ವಿಡಿಯೊ ಲ್ಯಾಪ್‌ಟಾಪಿನಲ್ಲಿ ಹಿಡಿಸುವಂಥದ್ದಲ್ಲ. ಹೀಗಾಗಿ ಮನೆಯ ಮೂಲೆಯಲ್ಲಿ ಎರಡು ಮೂರು ಹಾರ್ಡ್‌ಡಿಸ್ಕ್ ತುಂಬಿದ ಪುಟ್ಟ ಪೆಟ್ಟಿಗೆ, ಅಂದರೆ ನ್ಯಾಸ್, ಬಂದು ಕೂರುತ್ತದೆ.

ಅಲ್ಲಿಂದ ಲ್ಯಾಪ್‌ಟಾಪಿಗೆ ಎಷ್ಟು ಬೇಗ? 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಮುದ್ರಣವಾದರೆ ಒಂದು ಗಂಟೆಗೆ 45 ಜಿಬಿ. ಹಳೆಯ 100 ಮೆಗಾಬಿಟ್ ಪೋರ್ಟಿನಲ್ಲಿ ಅದನ್ನು ಸಾಗಿಸಲು ಒಂದು ಗಂಟೆ ಮೀರುತ್ತದೆ. ಆಟ ಆಡಿದಷ್ಟೇ ಹೊತ್ತು! ಗಿಗಾಬಿಟ್‌ನಲ್ಲಿ ಸುಮಾರು ಏಳು ನಿಮಿಷ, ಎರಡೂವರೆ ಗಿಗಾಬಿಟ್‌ನಲ್ಲಿ ಮೂರು ನಿಮಿಷಕ್ಕೂ ಕಡಿಮೆ. ವೈ-ಫೈ ಇದೆಯಲ್ಲ ಎನ್ನುವವರು ಐನ್‌ಮನೆಯ ದಪ್ಪ ಮಣ್ಣಿನ ಗೋಡೆಯನ್ನು ನೋಡಿಲ್ಲ. ಒಳಗಿನ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ರೂಟರ್ ಇಟ್ಟರೆ ಮುಂದಿನ ಜಗಲಿಯಾದ ಕಯ್ಯಾಲೆಗೆ ಬರುವಷ್ಟರಲ್ಲಿ ಸಿಗ್ನಲ್ ಅರ್ಧ ಜೀವ. ಹೆಚ್ಚು ವೇಗ ಕೊಡುವ, ಆವರ್ತನ ಹೆಚ್ಚಿರುವ ಅಲೆಗಳೇ ಗೋಡೆಗೆ ಹೆಚ್ಚು ಸೋಲುತ್ತವೆ.

ಈ ಒಳಗಿನ ತಂತಿಗೂ ಚರಿತ್ರೆಯಿದೆ. 1973ರ ಮೇ 22ರಂದು ಕ್ಯಾಲಿಫೋರ್ನಿಯದ ಝೆರಾಕ್ಸ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್ಕಾಫ್ ಒಂದು ಟಿಪ್ಪಣಿ ಬರೆದ. ಹವಾಯಿ ದ್ವೀಪಗಳ ನಡುವೆ ರೇಡಿಯೊದಲ್ಲಿ ನಡೆಯುತ್ತಿದ್ದ ಅಲೋಹಾ ಎಂಬ ಜಾಲದ ಉಪಾಯವನ್ನು ಅವನು, ಡೇವಿಡ್ ಬಾಗ್ಸ್ ಸೇರಿ, ಒಂದು ಕೇಬಲ್ಲಿನೊಳಗೆ ತಂದರು. ಅದೇ ಈಥರ್ನೆಟ್. ಮೊದಲ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಆಗಿನ ಕೇಬಲ್ಲು ದಪ್ಪ, ಸುಲಭವಾಗಿ ಬಾಗದು. 1990ರಲ್ಲಿ ಅದು ಬೆಲ್ಲನ ಹೊಸೆದ ತಾಮ್ರದ ಜೋಡಿಯ ಮೇಲೆ ಇಳಿಯಿತು, ಆಮೇಲೆ ಹಿಂದೆ ನೋಡಲಿಲ್ಲ: 1995ರಲ್ಲಿ 100 ಮೆಗಾಬಿಟ್, 1999ರಲ್ಲಿ ಅಂಥದೇ ತಾಮ್ರದಲ್ಲಿ ಒಂದು ಗಿಗಾಬಿಟ್, 2006ರಲ್ಲಿ ಹತ್ತು. ಹತ್ತರ ಯಂತ್ರಗಳು ದುಬಾರಿ, ಬಿಸಿಯೂ ಹೌದು, ಆದ್ದರಿಂದ ಮನೆಗಳು ಒಂದು ಗಿಗಾಬಿಟ್‌ನಲ್ಲೇ ವರ್ಷಗಟ್ಟಲೆ ನಿಂತವು. 2016ರ ನಡುದಾರಿ ಮಾನದಂಡ ಎರಡೂವರೆ ಮತ್ತು ಐದು ಗಿಗಾಬಿಟ್ ಕೊಟ್ಟಿತು. ಗೋಡೆಯಲ್ಲಿರುವ ಹಳೆಯ ಕ್ಯಾಟ್ 5ಇ ತಂತಿಯಲ್ಲೇ ಎರಡೂವರೆ ಓಡುತ್ತದೆ ಎಂಬುದೇ ಅದರ ದೊಡ್ಡ ಉಪಕಾರ. 

ವೇಗ ಬರದಿದ್ದರೆ ಕಾರಣ ಬಹುತೇಕ ಸಣ್ಣದೇ. ನೂರು ಮೆಗಾಬಿಟ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಕ್ಲಿಪ್ಪು ಒತ್ತುವಾಗ ಒಂದು ಎಳೆ ತಪ್ಪಿದರೂ ಸಂಪರ್ಕ ಸದ್ದಿಲ್ಲದೆ ನೂರಕ್ಕೆ ಇಳಿಯಬಹುದು, ಯಜಮಾನರು ಹೊಸ ನ್ಯಾಸ್ ಕೊಳ್ಳಲು ಹೊರಡುತ್ತಾರೆ. ಅಲ್ಯುಮಿನಿಯಂ ಎಳೆಗೆ ತಾಮ್ರ ಲೇಪಿಸಿದ ಅಗ್ಗದ ತಂತಿಯೂ ಇದೇ ಕಾಟ ಕೊಡುತ್ತದೆ. ಲ್ಯಾಪ್‌ಟಾಪಿಗೆ ಎರಡೂವರೆ ಗಿಗಾಬಿಟ್‌ನ ಯುಎಸ್‌ಬಿ ಅಡಾಪ್ಟರ್ ತಂದು ಹಳೆಯ ಯುಎಸ್‌ಬಿ 2 ಕಿಂಡಿಗೆ ಚುಚ್ಚಿದರೆ ಗಿಗಾಬಿಟ್‌ನ ಅರ್ಧವೂ ಸಿಗದು. ಪೆಟ್ಟಿಗೆಯೊಳಗೆ ಇರುವುದು ಒಂದೇ ತಿರುಗುವ ಡಿಸ್ಕಾದರೆ ಅದರ ಮಿತಿ ಸೆಕೆಂಡಿಗೆ ಹೆಚ್ಚೆಂದರೆ 250 ಎಂಬಿಯ ಆಸುಪಾಸು. ಹತ್ತು ಗಿಗಾಬಿಟ್‌ಗೆ ಹಣ ಸುರಿದರೂ ಅದು ಆಚೆ ಹೋಗದು. ನಡುವಿನ ಸ್ವಿಚ್ಚೂ ಅದೇ ವೇಗದ್ದಾಗಿರಬೇಕು. ಸ್ವಿಚ್ ಇಲ್ಲದೆ ಎರಡನ್ನೂ ನೇರ ಒಂದೇ ಕೇಬಲ್ಲಿನಲ್ಲಿ ಜೋಡಿಸಿದರೂ ಕೆಲಸ ನಡೆಯುತ್ತದೆ.

ತೋಟದವರಿಗೆ ಕೊನೆಯ ತೊಡಕು ಮತ್ತೆ ದೂರದ್ದೇ. ತಾಮ್ರದ ಈಥರ್ನೆಟ್ಟಿನ ಗಡಿ 100 ಮೀಟರ್, ಹತ್ತು ಗಿಗಾಬಿಟ್ಟನ್ನು ಕ್ಯಾಟ್ 6ರಲ್ಲಿ ಓಡಿಸಿದರೆ 55 ಮೀಟರ್. ಬಂಗಲೆಯಿಂದ ಕಣದ ಪಕ್ಕದ ಕಚೇರಿಗೆ, ಅಲ್ಲಿಂದ ಹೋಂಸ್ಟೇಗೆ ಇಷ್ಟರಲ್ಲಿ ಮುಟ್ಟುವುದು ಅಪರೂಪ. ಮುಟ್ಟಿದರೂ ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯುವುದೆಂದರೆ ಸಿಡಿಲಿಗೆ ದಾರಿ ತೋರಿಸಿದಂತೆ. ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಇಟ್ಟು ನಡುವೆ ಲೋಹವಿಲ್ಲದ ಫೈಬರ್ ಹೂಳಿದರೆ ದೂರದ ಚಿಂತೆಯೂ ಇಲ್ಲ, ಮೇ ತಿಂಗಳ ಭಯವೂ ಇಲ್ಲ. ಊರಿಗೆ ಫೈಬರ್ ಜೋಡಿಸುವ ಹುಡುಗರ ಬಳಿಯೇ ಅದಕ್ಕೆ ಬೇಕಾದ ಯಂತ್ರವಿದೆ. ಈ ಕೆಲಸವನ್ನು ಗುಡುಗು ಮಳೆಗೆ ಮೊದಲೇ ಮಾಡಿಸಿ. ಪೆಟ್ಟಿಗೆಯಲ್ಲಿರುವುದರ ಇನ್ನೊಂದು ಪ್ರತಿಯನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಮನೆಯಲ್ಲಿಡಿ. 2018ರಲ್ಲಿ ಗುಡ್ಡ ಜಾರಿದಾಗ ಮನೆಯ ಜೊತೆ ಕಾಗದಪತ್ರ, ಫೋಟೊಗಳೂ ಮಣ್ಣಿನಡಿ ಹೋದವು.